ಸಂಗಪ್ಪನ ರಾಳದ ಚೀಲ

ಸತ್ಕಾರದ ದಿನ ಸಂಗಪ್ಪ ಅಷ್ಟು ಮಾತಾಡಬಾರದಿತ್ತು. ನೌಕರಿಯಿಂದ ನಿವೃತ್ತನಾದನೆಂದು ನಾಗಪುರದ ಕನ್ನಡದ ಜನ ಪ್ರೀತಿಯಿಂದ ಶಾಲು ಹೊದಿಸಿದರು, ಹಾರ ಹಾಕಿದರು. ಸುಮ್ಮನೆ ಕೈಮುಗಿದು ಊಟಕ್ಕೆ ಇಳಿಯಬೇಕಿತ್ತು. ಮೈಕು ಸಿಕ್ಕಿದ್ದೇ ತಡ, ಐವತ್ತೆಂಟರ ಮನುಷ್ಯ ಇಪ್ಪತ್ತೆಂಟರವನಾಗಿಬಿಟ್ಟ.

ಕ್ರಿಕೆಟ್ ಒಂದೇ ಆಟವೆಂದು ಬಡಕೊಳ್ಳುವ ಈ ಜನರ ನಡುವೆ ಅವನು ಬೇಸ್‌ಬಾಲ್ ಆಡಿ ಸರಕಾರಿ ನೌಕರಿ ಗಿಟ್ಟಿಸಿದವನು. ವಿಜಯಪುರದಿಂದ ಬಂದ ಜವಳಿ ಅಂಗಡಿ ಗುಮಾಸ್ತನ ಮಗ, ಮೆಟ್ರಿಕ್ ಎರಡು ಸಲ ನಪಾಸು. ಓದು ಕೊಡದ ಅನ್ನವನ್ನು ಬಲಗೈ ಕೊಟ್ಟಿತು. ಇಲಾಖೆಯ ತಂಡದಲ್ಲಿ ಹನ್ನೆರಡು ವರ್ಷ ಅವನೇ ಪಿಚರ್. ಅಂದರೆ ಮಣ್ಣಿನ ದಿಬ್ಬದ ಮೇಲೆ ನಿಂತು, ಅರವತ್ತು ಅಡಿ ಆಚೆ ಬ್ಯಾಟು ಹಿಡಿದು ನಿಂತವನತ್ತ ಚೆಂಡು ಎಸೆಯುವವನು. ಆಟ ಮುಗಿದ ಮೇಲೆ ಅದೇ ಇಲಾಖೆಯ ಉಗ್ರಾಣದಲ್ಲಿ ಒಂದು ಖುರ್ಚಿ. ಆ ಬಲಗೈ ಈಗ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚುವುದೂ ಎಡಗೈಯಲ್ಲಿ.

“ಇದನ್ನ ನೋಡ್ರಿ,” ಎಂದು ಅವನು ಜೇಬಿನಿಂದ ಮುಷ್ಟಿಯಷ್ಟು ಬಟ್ಟೆಯ ಚೀಲ ತೆಗೆದ. “ನಮ್ಮ ಕಲ್ಲವ್ವ ಹೊಲಿದದ್ದು. ಒಳಗ ರಾಳದ ಪುಡಿ ಐತಿ. ಬೆವತ ಕೈಗೆ ಬಡಕೊಂಡ್ರ ಮುಗೀತು, ಚೆಂಡು ಜಾರೂ ಮಾತೇ ಇಲ್ಲ. ಹನ್ನೆರಡು ವರ್ಷದಾಗ ಇದನ್ನ ಮುಟ್ಟದ ಒಂದ ಚೆಂಡೂ ನನ್ನ ಕೈ ಬಿಟ್ಟಿಲ್ಲ!”

ಚಪ್ಪಾಳೆ ಬಿತ್ತು. ಕಲ್ಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಕೊನೆಯ ಸಾಲಿನಲ್ಲಿ ಒಬ್ಬ ಮಾತ್ರ ಕೈ ತಟ್ಟಲಿಲ್ಲ. ಅವನು ಚಿದಂಬರ. ಅವನ ಎಡಗಣ್ಣು ಗಾಜಿನದು.

ಹೇಳಿದ ಮಾತಿನ ಅರ್ಥ ಸಂಗಪ್ಪನಿಗೆ ಆಗ ಹೊಳೆಯಿತು.

ಮೂವತ್ತು ವರ್ಷದ ಹಿಂದೆ ಫೈನಲ್‌ನಲ್ಲಿ ಎದುರು ತಂಡದ ಬ್ಯಾಟು ಹಿಡಿದವನು ಇದೇ ಚಿದಂಬರ. ಬಾರಿಸಿದರೆ ಚೆಂಡು ಬೇಲಿ ದಾಟುವುದು ಖಾತ್ರಿ. ಸಂಗಪ್ಪನ ಮ್ಯಾನೇಜರ್ ಕೇದಾರನಾಥ ಗೆರೆಯಾಚೆ ನಿಂತು ಟೊಪ್ಪಿಗೆ ತೆಗೆದ, ಮತ್ತೆ ಹಾಕಿಕೊಂಡ. ಅವರ ತಂಡದಲ್ಲಿ ಆ ಸನ್ನೆಗೆ ಒಂದೇ ಅರ್ಥ: ಮೈಗೆ ಹೊಡಿ, ಬಾರಿಸಲು ಬಿಡಬೇಡ. ಸಂಗಪ್ಪನ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ. ಕಾಗದ ಹೋಗಬೇಕಾದದ್ದು ಕೇದಾರನಾಥನ ಸಹಿಯಿಂದ. ಸಂಗಪ್ಪ ಚೀಲ ಬಡಿದುಕೊಂಡ, ಎಸೆದ. ಪಕ್ಕೆಗೆಂದು ಬಿಟ್ಟ ಚೆಂಡು ಮುಖಕ್ಕೆ ಹೋಯಿತು.

ಆಸ್ಪತ್ರೆಯಲ್ಲಿ ಚಿದಂಬರನ ತಾಯಿ ಸೀತಾಲಕ್ಷ್ಮಿಯ ಕಾಲು ಹಿಡಿದು ಸಂಗಪ್ಪ ಹೇಳಿದ್ದ, “ಬೆವರಿಗೆ ಕೈ ಜಾರಿತವ್ವಾ.” ಆ ತಾಯಿ ಅವನನ್ನೇ ಸಮಾಧಾನ ಮಾಡಿ ಕಳಿಸಿದಳು. ಮುಂದಿನ ವಾರ ಕಾಯಂ ಆದೇಶ ಬಂತು. ಕೇದಾರನಾಥ ಸತ್ತ, ಸೀತಾಲಕ್ಷ್ಮಿಯೂ ಹೋದಳು. ಚಿದಂಬರನ ಆಟ ಅಂದೇ ಮುಗಿದಿತ್ತು. ಅಂದಿನಿಂದ ಅವನು ನಾಗಪುರದಂಚಿನ ವಾಡಿಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ಕೂತು ತೂಕ ಕೂಗುತ್ತಿದ್ದಾನೆ.

ಊಟದ ಸಾಲಿನಲ್ಲಿ ಚಿದಂಬರ ಬಂದು ಪಕ್ಕದಲ್ಲೇ ಕೂತ. ಬದನೆಕಾಯಿ ಪಲ್ಯ ಹಾಕಿಸಿಕೊಂಡ. ನಿಧಾನಕ್ಕೆ ಉಂಡ.

“ಭಾಷಣ ಝಕಾಸ್ ಆತು, ಸಂಗ್ಯಾ.”

“ಏನ್ ಭಾಷಣ ಬಿಡೋ. ಹುಚ್ಚರಂಗ ಒದರಿದೆ.”

“ಐತವಾರ ಮುಂಜಾನೆ ಹಳೇ ಗ್ರೌಂಡಿಗೆ ಬಾ. ಚೆಂಡು ಬ್ಯಾಟು ನಾ ತರ್ತೀನಿ.” ಅವನು ಎಲೆ ಮಡಿಚಿದ. “ಚೀಲ ಮರೀಬ್ಯಾಡ.”

ಹೋಗದಿದ್ದರೆ ತಪ್ಪೊಪ್ಪಿದಂತೆ. ಹೋದರೆ ಏನು ಕಾದಿದೆಯೋ. ನಾಲ್ಕು ದಿನ ಸಂಗಪ್ಪ ಅದನ್ನೇ ಲೆಕ್ಕ ಹಾಕಿದ. ಕಲ್ಲವ್ವನಿಗೆ ಇದ್ಯಾವುದೂ ಗೊತ್ತಿಲ್ಲ. ಗಂಡ ಮತ್ತೆ ಆಡಲು ಹೊರಟನೆಂದು ಹಿಗ್ಗಿ, ಚೀಲ ಬಿಚ್ಚಿ, ಹೊಸ ರಾಳ ಕುಟ್ಟಿ ತುಂಬಿದಳು.

“ಜಲ್ದಿ ಬರ್ರಿ. ಬಿಸಲು ಭಾಳ ಐತಿ,” ಎಂದಳು.

ಮೇ ತಿಂಗಳು. ಏಳು ಗಂಟೆಗೇ ಗ್ರೌಂಡು ಕಾದ ಹಂಚಾಗಿತ್ತು. ಒಂದು ನಾಯಿಯೂ ಇರಲಿಲ್ಲ. ಚಿದಂಬರ ಆಗಲೇ ಬ್ಯಾಟು ಹಿಡಿದು, ಅಂದು ನಿಂತ ಜಾಗದಲ್ಲೇ ನಿಂತಿದ್ದ. ಎಡಗಡೆ, ಕಾಣದ ಕಣ್ಣು, ಪಿಚರ್‌ನ ಕಡೆಗೆ. ಕಾಲ ಬಳಿ ಒಂದು ಗೋಣಿಚೀಲ.

“ಒಗಿ,” ಎಂದ.

“ತಲಿ ಕೆಟ್ಟೈತೇನೋ? ನಿಂಗ ಚೆಂಡು ಕಾಣಂಗಿಲ್ಲ.”

“ಅವತ್ತು ಎರಡೂ ಕಣ್ಣಿದ್ದವು. ಏನ್ ಉಪಯೋಗ ಆತು? ಚೀಲ ಬಡ್ಕೊ. ಅವತ್ತೂ ಬಡ್ಕೊಂಡಿದ್ದಿ ಅಲ?”

ಸಂಗಪ್ಪ ಚೀಲ ತೆಗೆದ. ಬಿಳಿ ಪುಡಿ ಬೆರಳಿಗೆ ಅಂಟಿತು. ಮೂವತ್ತು ವರ್ಷ ಹೇಳಿದ ಸುಳ್ಳನ್ನು ಇನ್ನೊಮ್ಮೆ ಹೇಳಲು ಬಾಯಿ ತೆರೆದ. ಅಂಗೈಯ ರಾಳ ನೋಡಿ ನಾಲಿಗೆ ಏಳಲಿಲ್ಲ.

“ಜಾರಲಿಲ್ಲ ಚಿದಂಬರಾ,” ಎಂದ. “ನಾನ ಹೊಡದೆ. ಕೇದಾರನಾಥ ಟೊಪ್ಪಿಗಿ ತೆಗದಾ. ನೌಕರಿ ಪಕ್ಕಾ ಆಗ್ಬೇಕಿತ್ತು. ಪಕ್ಕಡಿಗೆ ಹೊಡಿಯಾಕ ಹೋದೆ, ಖರೇ, ಕಣ್ಣಿಗಲ್ಲ.”

ಚಿದಂಬರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಮ್ಮವ್ವ ಸಾಯೂತನಕ ನಿನ್ನ ಹೆಸರು ಹಿಡದು ದೀಪ ಹಚ್ಚತಿದ್ಲು,” ಎಂದ. “ಪಾಪದ ಹುಡುಗ, ಕೈ ಜಾರಿ ಎಷ್ಟು ಅತ್ತಾ ಅಂತ.”

ಬ್ಯಾಟನ್ನು ನೆಲಕ್ಕೆ ಹಾಕಿದ. ಗೋಣಿಚೀಲ ಎತ್ತಿಕೊಂಡು ದಿಬ್ಬಕ್ಕೆ ಬಂದ. ಸಂಗಪ್ಪನ ಕೈಯಿಂದ ರಾಳದ ಚೀಲ ಕಸಿದುಕೊಂಡ.

“ಈಗ ನೀ ಅಲ್ಲಿ ನಿಲ್ಲು.”

ಓಡಬಹುದಿತ್ತು. ಗೇಟು ಇಪ್ಪತ್ತು ಹೆಜ್ಜೆ. ಸಂಗಪ್ಪ ಗೇಟು ನೋಡಿದ, ಆಮೇಲೆ ಅರವತ್ತು ಅಡಿ ನಡೆದು ಹೋಗಿ ಬರಿಗೈಯಲ್ಲಿ ನಿಂತ. ಬಿಸಿಲಿಗೆದುರಾಗಿ ಚಿದಂಬರ ಕರಿ ನೆರಳಿನಂತೆ ಕಾಣುತ್ತಿದ್ದ. ಒಂದೇ ಕಣ್ಣಿನವನಿಗೆ ದೂರದ ಅಂದಾಜು ಸಿಗುವುದಿಲ್ಲ. ಅದು ಎಸೆಯುವವನಿಗೂ ಗೊತ್ತಿತ್ತು, ನಿಂತವನಿಗೂ ಗೊತ್ತಿತ್ತು.

ಮೊದಲ ಚೆಂಡು ಸಂಗಪ್ಪನ ಎಡಗಿವಿಯ ಪಕ್ಕ ಸುಯ್ಯೆಂದು ಹೋಗಿ ಹಿಂದಿನ ತಂತಿ ಬೇಲಿಗೆ ಬಡಿಯಿತು. ಬೇಲಿ ಝಣಗುಟ್ಟುತ್ತಲೇ ಇತ್ತು.

“ಕೈ ಜಾರಿತು ನೋಡಪಾ,” ಎಂದ ಚಿದಂಬರ. “ಭಾಳ ಬೆವರು.”

ಅವನು ಗೋಣಿಚೀಲಕ್ಕೆ ಕೈ ಹಾಕಿ ಇನ್ನೊಂದು ಚೆಂಡು ತೆಗೆದ. ಆಮೇಲೆ, ಅವಸರವೇ ಇಲ್ಲದೆ, ಕಲ್ಲವ್ವ ತುಂಬಿದ ಚೀಲವನ್ನು ಅಂಗೈಗೆ ಬಡಿದುಕೊಳ್ಳತೊಡಗಿದ. ಒಂದು ಸಲ, ಎರಡು ಸಲ, ಮೂರು ಸಲ.