ಮೂರರ ಬದಲು ಎಂಟು

ಪಾರ್ಕಿನಲ್ಲಿ ಎಲ್ಲರೂ ಅವಳನ್ನು ಕನ್ನಡಕದಕ್ಕ ಎಂದೇ ಕರೆಯುತ್ತಿದ್ದರು. ಹಾಗಂತ ಅವಳ ಮೂಗಿನ ಮೇಲೆ ಕನ್ನಡಕ ಹುಡುಕಬೇಡಿ, ಇರಲಿಲ್ಲ. ರೋಲರ್ ಕೋಸ್ಟರ್ ಹತ್ತುವವರ ಕನ್ನಡಕ ಕಳಚಿಸಿಟ್ಟುಕೊಂಡು, ಇಳಿದ ಮೇಲೆ ಅವರವರದನ್ನು ಅವರವರಿಗೆ ಕೊಡುವುದು ಅವಳ ಕೆಲಸ. ಜೊತೆಗೆ ಇನ್ನೊಂದಿತ್ತು, ಅದೇ ದೊಡ್ಡದು. ಬಂಡಿ ಹೊರಡುವ ಮುಂಚೆ ಒಂದೊಂದು ಸೀಟಿನ ಕಂಬಿಯನ್ನೂ ಬಗ್ಗಿ ನೋಡಬೇಕು. ತೊಡೆಯ ಮೇಲೆ ಕಂಬಿ ಕೂತು ಕೊಂಡಿ ಸರಿಯಾಗಿ ಬಿದ್ದರೆ ಅದರ ಮೇಲಿನ ಬಿಳಿ ಗೆರೆ ಕೆಳಗಿನ ಗೆರೆಗೆ ಸೇರುತ್ತದೆ. ಸೂಜಿಯಷ್ಟು ಸಣ್ಣ ಗೆರೆ. ಎಲ್ಲ ನೋಡಿ ಅವಳು ಕೈ ಎತ್ತಿದರೆ ಮಾತ್ರ ಸ್ವಿಚ್ಚಿನ ಮುಂದೆ ಕೂತ ಆಪರೇಟರ್ ಬಂಡಿ ಬಿಡುತ್ತಿದ್ದ.

ಕನ್ನಡಕ ಕೊಡಿ ಎಂದರೆ ಜನ ಉಟ್ಟ ಬಟ್ಟೆಯನ್ನೇ ಕೇಳಿದ ಹಾಗೆ ಮುಖ ಮಾಡುತ್ತಿದ್ದರು.

"ಅದಿಲ್ದಿದ್ರೆ ನಂಗೇನೂ ಕಾಣಲ್ಲ."

"ಮೇಲೆ ಹೋದ್ಮೇಲೆ ಕಾಣದೇ ಇದ್ರೇನೇ ಒಳ್ಳೇದು, ಕೊಡಿ."

"ನಾನು ಲೆನ್ಸ್ ಹಾಕಿದೀನಕ್ಕ, ಹಾರಿ ಹೋಗತ್ತಾ?"

"ಸುಮ್ನೆ ಹೋಗಲ್ಲ. ಇಳಿಯೋವಾಗ ಗಾಳಿ ಹೊಡಿಯತ್ತೆ, ಕಣ್ಣು ಕಿರಿದು ಮಾಡ್ಕೊಳ್ಳಿ. ಉಜ್ಜೋಕೆ ಮಾತ್ರ ಹೋಗ್ಬೇಡಿ."

ಕನ್ನಡಕ ಇಡಲು ಅವಳೇ ಒಂದು ದಪ್ಪ ಬಟ್ಟೆಗೆ ಸಾಲಾಗಿ ಜೇಬು ಹೊಲಿದು ಗೋಡೆಗೆ ತೂಗುಹಾಕಿದ್ದಳು. ಜೇಬಿನ ಮೇಲೆ ಕೆಂಪು ದಾರದಲ್ಲಿ ಇಂಗ್ಲಿಷ್ ಅಂಕಿಯ ನಂಬರು, ಜನರ ಕೈಗೆ ಅದೇ ನಂಬರಿನ ಬಿಲ್ಲೆ. ಹೊಲಿದ ಕಾಲಕ್ಕೆ ಅವಳ ಕಣ್ಣು ಚುರುಕಾಗಿತ್ತು. ಈಗ ಸೂಜಿಗೆ ದಾರ ಪೋಣಿಸಲು ಮಗಳೇ ಬೇಕು.

"ಅಮ್ಮ, ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ" ಎಂದು ಮಗಳು ಹೇಳಿ ಹೇಳಿ ಸೋತಿದ್ದಳು.

"ನನ್ನ ಕಣ್ಣಿಗೇನು ಧಾಡಿ? ನೆಟ್ಟಗೇ ಇದೆ."

ನೆಟ್ಟಗಿರಲಿಲ್ಲ. ಆದರೆ ಅವಳಿಗಿಂತ ಮೊದಲು ಆ ಜಾಗದಲ್ಲಿದ್ದ ಹೆಂಗಸು ಕಣ್ಣು ಮಂಜು ಎಂದು ಬಾಯಿಬಿಟ್ಟಿದ್ದೇ ತಡ, ಶೌಚಾಲಯದ ಬಾಗಿಲು ಕಾಯಲು ಕಳಿಸಿದ್ದರು. ಅದನ್ನು ನೋಡಿದ್ದ ಕನ್ನಡಕದಕ್ಕ ತುಟಿ ಬಿಚ್ಚಲಿಲ್ಲ. ಬಿಳಿ ಗೆರೆ ಕಾಣದಿದ್ದರೇನು, ಕೈಯಿದೆಯಲ್ಲ ಎಂದು ಕಂಬಿಯನ್ನು ಜಗ್ಗಿ ಜಗ್ಗಿ ನೋಡತೊಡಗಿದಳು. ಕೈಗೆ ಗಟ್ಟಿ ಎನಿಸುತ್ತಿತ್ತು. ಕೊಂಡಿ ಪೂರ್ತಿ ಬಿದ್ದಿದೆಯೋ, ಅರ್ಧಕ್ಕೇ ಸಿಕ್ಕಿಕೊಂಡಿದೆಯೋ, ಅದು ಕೈಗೆ ಗೊತ್ತಾಗುವ ವಿಷಯವಲ್ಲ. ಬಂಡಿ ಮೇಲೇರಿ ತಲೆಕೆಳಗಾಗುವಾಗ ಸೀಟಿನಲ್ಲಿದ್ದವರು ಕಿರುಚುತ್ತಿದ್ದರು, ಕೆಳಗೆ ನಿಂತ ಇವಳ ಜೀವ ಬಾಯಿಗೆ ಬಂದಿರುತ್ತಿತ್ತು. ಬಂಡಿ ತಿರುಗಿ ಬಂದು ತಲೆಗಳೆಲ್ಲ ಸೀಟಿನಲ್ಲಿ ಕಂಡ ಮೇಲೇ ಅವಳು ಎಂಜಲು ನುಂಗುತ್ತಿದ್ದದ್ದು.

ಅವತ್ತು ಶಾಲೆಯ ಮಕ್ಕಳು ಬಂದಿದ್ದರು. ಬಾಗಿಲಲ್ಲಿ ಸಂತೆಗಿಂತ ಜೋರು ಗಲಾಟೆ. "ಡ್ರೈವರ್ ಮಾಮ, ನೀವೂ ಬನ್ನಿ" ಎಂದು ತಮ್ಮ ವ್ಯಾನಿನ ಡ್ರೈವರನ್ನು ತಳ್ಳಿಕೊಂಡೇ ಬಂದವು. ಅವನು ನಾಚುತ್ತ ಕಪ್ಪು ಫ್ರೇಮಿನ ಕನ್ನಡಕ ಬಿಚ್ಚಿಕೊಟ್ಟ. ಅದೇ ಬಂಡಿಯಲ್ಲಿ ಕಪ್ಪು ಫ್ರೇಮಿನವನು ಇನ್ನೊಬ್ಬನಿದ್ದ, ಟೈ ಕಟ್ಟಿದ ಗುಮಾಸ್ತ. ಇಳಿದ ಮೇಲೆ ವಾಪಸ್ ಹೊರಡುವ ಆತುರದಲ್ಲಿ ಡ್ರೈವರ್ ಬಿಲ್ಲೆ ಚಾಚಿದ. ಎಂಟು, ಎಂದುಕೊಂಡು ಎಂಟರ ಜೇಬಿನದನ್ನು ತೆಗೆದುಕೊಟ್ಟಳು. ಆಮೇಲೆ ಗುಮಾಸ್ತ ಬಂದ. ಅವನದೂ ಎಂಟೇ ಅನಿಸಿತು, ಆದರೆ ಎಂಟು ಖಾಲಿ. ಎಲ್ಲೋ ತಾನೇ ತಪ್ಪು ಜೇಬಿಗೆ ಹಾಕಿರಬೇಕೆಂದು ಉಳಿದಿದ್ದ ಒಂದೇ ಕಪ್ಪು ಫ್ರೇಮನ್ನು ಅವನ ಕೈಗಿಟ್ಟಳು. ತಲೆ ಸುತ್ತುತ್ತಿದ್ದ ಅವನು ಅದನ್ನು ಜೇಬಿಗಿಳಿಸಿಕೊಂಡು ಹೋದ.

ಮುಂದಿನ ಬಂಡಿ ತುಂಬಿ ಕಂಬಿಗಳೆಲ್ಲ ಇಳಿದಿದ್ದವು. ಅಷ್ಟರಲ್ಲಿ ಗುಮಾಸ್ತ ಗೋಡೆ ಹಿಡಿದುಕೊಂಡು ವಾಪಸ್ ಬಂದ.

"ಏನಕ್ಕ ಇದು, ಸೋಡಾಬುಡ್ಡಿ ಕೊಟ್ಟಿದೀರಿ. ಹಾಕ್ಕೊಂಡ್ರೆ ನೆಲಾನೇ ಎದ್ದು ಬರತ್ತೆ. ನಂದು ಬರೀ ಓದೋಕೆ ಹಾಕೋದು."

ಉಳಿದಿದ್ದ ಆ ಫ್ರೇಮು ಇದ್ದದ್ದು ಯಾವ ಜೇಬಿನಲ್ಲೆಂದು ಅವಳಿಗೆ ಈಗ ಹೊಳೆಯಿತು. ಮೂರು! ಡ್ರೈವರ್ ಕೊಟ್ಟದ್ದು ಮೂರು. ಈಗ ಅವನು ಗುಮಾಸ್ತನ ಕನ್ನಡಕದಲ್ಲಿ ಒಂದು ವ್ಯಾನು ಮಕ್ಕಳನ್ನು ಕೂರಿಸಿಕೊಂಡು ಹೊರಟಿರುತ್ತಾನೆ. ಆಪರೇಟರ್ ಕಡೆ ತಿರುಗಿ "ಬಿಡ್ಬೇಡ, ನಾ ಬರೋವರ್ಗೂ ಬಿಡ್ಬೇಡ" ಎಂದವಳೇ ಸೋಡಾಬುಡ್ಡಿ ಹಿಡಿದು ಓಡಿದಳು. ಹೊರಗಿನ ರಸ್ತೆಯಲ್ಲಿ ಯಾವುದೋ ಲಾರಿ ಬ್ರೇಕ್ ಹಾಕಿದ ಸದ್ದಾಯಿತು. ಆಗಿಹೋಯಿತು ಎಂದುಕೊಂಡಳು.

ವ್ಯಾನು ನಿಂತಲ್ಲೇ ನಿಂತಿತ್ತು. ಇಂಜಿನ್ ಗುಡುಗುತ್ತಿತ್ತು, ಹಿಂದೆ ಮಕ್ಕಳು ಕೂಗುತ್ತಿದ್ದವು. "ಯಾಕೆ ಹೊರಡ್ತಿಲ್ಲ?" ಎಂದು ಟೀಚರ್ ಕೇಳುತ್ತಿದ್ದರೆ ಡ್ರೈವರ್ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡು "ಇಂಜಿನ್ ಸ್ವಲ್ಪ ಬಿಸಿ ಆಗ್ಲಿ ಮೇಡಂ" ಎನ್ನುತ್ತಿದ್ದ. ಕಿಟಕಿಯ ಬಳಿ ಬಂದ ಇವಳ ಸೀರೆಯ ಬಣ್ಣದಿಂದಲೇ ಗುರುತು ಹಿಡಿದನೋ ಏನೋ, ತಗ್ಗಿದ ದನಿಯಲ್ಲಿ ಹೇಳಿದ.

"ಅದನ್ನ ಹತ್ಲೇಬಾರ್ದಿತ್ತಕ್ಕ. ಮೇಲಿಂದ ಇಳಿಯೋವಾಗ ಕಣ್ಣಿಗೆ ಏನೋ ಆಗಿಹೋಗಿದೆ. ಮೇಡಂಗೆ ಹೇಳ್ಬೇಡಿ, ಕೆಲಸ ಹೋಗತ್ತೆ."

ಅವಳು ಅವನ ಮುಖದ ಮೇಲಿದ್ದದ್ದನ್ನು ಕಳಚಿ, ಅವನದನ್ನು ಕೈಗಿಟ್ಟಳು. ಹಾಕಿಕೊಂಡು ಅವನು ಗೇಟು ನೋಡಿದ, ಆಮೇಲೆ ತನ್ನ ಅಂಗೈ ನೋಡಿಕೊಂಡ. ಕಣ್ಣು ತುಂಬಿ ಬಂತು.

"ನಿಮ್ಮ ಕಣ್ಣಿಗೇನೂ ಆಗಿಲ್ಲಣ್ಣ" ಎಂದಳು. "ಆಗಿರೋದು ನನ್ನ ಕಣ್ಣಿಗೆ."

ಯಾರ ಮುಂದೆಯೂ ಆಡದ ಮಾತು ಅದು. ಅವನು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ, ಮುಖ ಒರೆಸಿಕೊಂಡು ಅಳುಕಿನಿಂದ ನಕ್ಕ.

"ಪೂರ್ತಿ ಮಂಜಾಗಿದ್ದೇ ಪುಣ್ಯ. ಅಲ್ಪಸ್ವಲ್ಪ ಕಂಡಿದ್ರೂ ಹೇಗೋ ನಿಭಾಯಿಸ್ಕೊಂಡು ಹೊರಟುಬಿಡ್ತಿದ್ದೆ."

ವಾಪಸ್ ಬರುವಾಗ ಅವಳು ಓಡಲಿಲ್ಲ. ಗುಮಾಸ್ತನ ಕನ್ನಡಕ ಅವನಿಗೆ ಕೊಟ್ಟಳು. ಬಂಡಿಯಲ್ಲಿ ಕೂತವರು ಗೊಣಗುತ್ತಿದ್ದರು. ಮೊದಲ ಸೀಟಿನ ಹತ್ತಿರ ಬಗ್ಗಿ, ಕೊಂಡಿಯ ಮೇಲೆ ಕಣ್ಣಿಟ್ಟು ನೋಡಿದಳು. ಬಿಳಿ ಇತ್ತು. ಒಂದು ಗೆರೆಯೋ, ಎರಡೋ, ಎಷ್ಟು ನೋಡಿದರೂ ತಿಳಿಯಲಿಲ್ಲ. ಆಪರೇಟರ್ ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವಳ ಕೈಯನ್ನೇ ನೋಡುತ್ತಿದ್ದ.

ಅವಳು ಕೈ ಎತ್ತಲಿಲ್ಲ.

"ಸೂಪರ್‌ವೈಸರ್‌ನ ಸ್ವಲ್ಪ ಕರಿ."

"ಯಾಕಕ್ಕ, ಯಾವ ಸೀಟಲ್ಲಿ ತೊಂದರೆ?"

"ಸೀಟಲ್ಲಲ್ಲ" ಎಂದಳು.