ತಣ್ಣೀರಿನವಳ ದನಿ

ಊರಿನ ಹಳೆಯ ಸ್ಮಶಾನದಲ್ಲಿ ಹೊಸಬರನ್ನು ಹೂಳುವುದು ನಿಂತು ಎಂಬತ್ತು ವರ್ಷ ದಾಟಿತ್ತು. ಇದ್ದವರನ್ನು ನೋಡಿಕೊಳ್ಳುವುದಷ್ಟೇ ಅಲ್ಲಿ ಉಳಿದಿದ್ದ ಕೆಲಸ. ಅದನ್ನು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದವಳನ್ನು ಜನ ಕಲ್ಲಕ್ಕ ಎನ್ನುತ್ತಿದ್ದರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ.

ಕಲ್ಲು ತೊಳೆಯುವುದಕ್ಕೂ ಒಂದು ಕ್ರಮವಿದೆ. ಬರೀ ನೀರು, ಮೆತ್ತನೆಯ ಬ್ರಷ್. ಸೋಪು ಹಾಕಕೂಡದು, ತಂತಿ ಬ್ರಷ್ಷನ್ನಂತೂ ಹತ್ತಿರ ತರಕೂಡದು. ಅಕ್ಷರದ ಸಂದಿಯಲ್ಲಿ ಕೂತ ಪಾಚಿಯನ್ನು ಬಿದಿರು ಕಡ್ಡಿಯಿಂದ ಬಿಡಿಸಬೇಕು. ಹೆಸರು ತೀರಾ ಸವೆದಿದ್ದರೆ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಕಲ್ಲಿನ ಮೇಲೆ ಬೀಳಿಸಬೇಕು. ಆಗ ಮುಚ್ಚಿಹೋದ ಅಕ್ಷರ ನೆರಳಿನಲ್ಲಿ ಎದ್ದು ಕಾಣುತ್ತದೆ. ಇದನ್ನೆಲ್ಲ ಕಲ್ಲಕ್ಕ ಯಾರಿಂದಲೂ ಕಲಿತದ್ದಲ್ಲ, ಮಾಡಿ ಮಾಡಿ ಕೈಗೆ ಬಂದದ್ದು. ಯಾವ ಸಾಲಿನಲ್ಲಿ ಯಾರಿದ್ದಾರೆ, ಯಾರ ಕಲ್ಲನ್ನು ಮರದ ಬೇರು ಎತ್ತುತ್ತಿದೆ, ಯಾವ ಗಂಡ ಹೆಂಡತಿಯನ್ನು ಮೂರು ಸಾಲು ದೂರ ಮಲಗಿಸಿದ್ದಾರೆ, ಎಲ್ಲವೂ ಅವಳ ನಾಲಗೆ ತುದಿಯಲ್ಲಿತ್ತು. ಆದರೆ ಕೇಳುವವರಿರಲಿಲ್ಲ. ಅವಳೂ ಮನೆಯಲ್ಲಿ ಅಳೆದು ತೂಗಿ ಮಾತಾಡುವ ಪೈಕಿ.

ಹೀಗಿರುವಾಗ ದೆವ್ವ ಹುಡುಕುವವರು ಬಂದರು.

ನಾಲ್ಕು ಜನರ ಗುಂಪು ಅದು. ಮುಂದಾಳು ಶಾಲೆಯೊಂದರಲ್ಲಿ ಪ್ರಯೋಗಶಾಲೆ ನೋಡಿಕೊಂಡು ನಿವೃತ್ತರಾದವರು, ಎಲ್ಲರ ಬಾಯಲ್ಲಿ ಲ್ಯಾಬ್ ಮೇಷ್ಟ್ರು. ಉಳಿದ ಮೂವರು ರಜೆಯ ದಿನ ಏನಾದರೊಂದು ಬೇಕು ಎನ್ನುವ ಸಂಬಳದಾರರು. ಅವರ ಹತ್ತಿರ ದನಿ ಹಿಡಿಯುವ ರೆಕಾರ್ಡರುಗಳು, ಚಳಿ ಅಳೆಯುವ ಯಂತ್ರ, ಒಂದು ದಪ್ಪ ನೋಟ್‌ಬುಕ್ಕು ಇದ್ದವು. ನಗರಸಭೆ ಕೊಟ್ಟ ಅನುಮತಿ ಮಾತ್ರ ಶನಿವಾರ ನಾಲ್ಕರಿಂದ ಆರರವರೆಗೆ. ದೆವ್ವಕ್ಕೂ ಆಫೀಸ್ ಟೈಮ್ ಬಂತಲ್ಲ ಎಂದುಕೊಂಡು ಕಲ್ಲಕ್ಕ ಗೇಟು ತೆಗೆದಳು. ತೆಗೆದವಳಿಗೆ ಗುಂಪಿನ ಹಿಂದೆ ಕಂಡದ್ದು ತನ್ನ ಓರಗಿತ್ತಿ.

ಕಲ್ಲಕ್ಕನ ಮೈದುನನ ಹೆಂಡತಿ ಅವಳು. ಒಂದೇ ಮನೆ, ಕೆಳಗೆ ಕಲ್ಲಕ್ಕನ ಸಂಸಾರ, ಮೇಲೆ ಇವಳದು. ಮಾರ್ಕೆಟ್ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ರೆಕಾರ್ಡರುಗಳಿಗೆ ಚೀಲ ಹೊಲಿಸಲು ಬಂದಿದ್ದ ಮೇಷ್ಟ್ರ ಹತ್ತಿರ ಮಾತಿಗೆ ಮಾತು ಬೆಳೆದು, "ನಮ್ಮಕ್ಕ ಕೆಲಸ ಮಾಡೋದೇ ಅಲ್ಲಿ, ನಾನೂ ಬರ್ತೀನಿ ನಡೀರಿ" ಎಂದು ಹೊರಟಿದ್ದಳಂತೆ. ಹದಿನೆಂಟು ವರ್ಷದಲ್ಲಿ ಒಂದು ದಿನ ಆ ಗೇಟಿನೊಳಗೆ ಕಾಲಿಟ್ಟವಳಲ್ಲ. ಈಗ ಹಿಮ್ಮಡಿ ಎತ್ತರದ ಚಪ್ಪಲಿ ಹಾಕಿಕೊಂಡು ಬಂದಿದ್ದಳು.

ಕಲ್ಲಕ್ಕ ಅವರಿಗೆ ದಾರಿ ತೋರಿಸಿ, ಬೇಲಿಗಿಡದ ಆಚೆ ಹಿಂದಿನ ಗೋಡೆ ಪಕ್ಕದ ಮಕ್ಕಳ ಸಮಾಧಿಗಳ ಕಡೆಗೆ ತನ್ನ ಬಕೆಟ್ಟು ಎತ್ತಿಕೊಂಡು ಹೋದಳು. ಆರು ಗಂಟೆಗೆ ವಾಪಸ್ ಬಂದಾಗ ಎಲ್ಲರೂ ಓರಗಿತ್ತಿಯ ಸುತ್ತ ನಿಂತಿದ್ದರು.

"ಯಾರೋ ಹೆಂಗಸು ಮಾತಾಡಿದ್ದು ಕೇಳಿಸ್ತಂತೆ ಇವರಿಗೆ," ಎಂದರು ಮೇಷ್ಟ್ರು, ದನಿ ತಗ್ಗಿಸಿ. "ನಮಗೆ ಯಾರಿಗೂ ಕೇಳಿಸಲಿಲ್ಲ. ಇವರದು ಬಹಳ ಸೂಕ್ಷ್ಮ ಕಿವಿ."

ಮರುದಿನ ಅವರು ರೆಕಾರ್ಡರು ಹಾಕಿ ನೋಡಿದರೆ ನಿಜವಾಗಿಯೂ ಒಂದು ದನಿ ಇತ್ತು. ತೀರಾ ಸಣ್ಣಗೆ, ನಡುನಡುವೆ ಮಾತ್ರ. ತಿಳಿದದ್ದು "ನೀರು ತಣ್ಣಗಿದೆ" ಎಂಬ ಎರಡೇ ಮಾತು. ಯಾರೋ ನೀರಿಗೆ ಬಿದ್ದು ಸತ್ತಿರಬೇಕೆಂದು ಗುಂಪು ತೀರ್ಮಾನಿಸಿ ಅವಳಿಗೆ ತಣ್ಣೀರಿನವಳು ಎಂದು ಹೆಸರನ್ನೂ ಇಟ್ಟಿತು.

ಮುಂದಿನ ಶನಿವಾರ ಓರಗಿತ್ತಿಗೆ ಮಡಚುವ ಕುರ್ಚಿ ಬಂತು. ಅದರ ಮುಂದಿನ ಶನಿವಾರ ಫ್ಲಾಸ್ಕಿನಲ್ಲಿ ಟೀ ಬಂತು. ಅವಳು ಕಣ್ಣು ಮುಚ್ಚಿ ಕೂರುವಳು, ಒಂದು ಹೊತ್ತಿನಲ್ಲಿ ಬೆರಳೆತ್ತುವಳು. ನಾಲ್ವರೂ ಉಸಿರು ಬಿಗಿಹಿಡಿಯುವರು. ಬೇಲಿಯ ಈಚೆ ಮೊಣಕಾಲೂರಿದ್ದ ಕಲ್ಲಕ್ಕನಿಗೆ ಇದೆಲ್ಲ ಎಲೆಗಳ ಸಂದಿಯಿಂದ ಕಾಣುತ್ತಿತ್ತು. ಹೊಟ್ಟೆಯಲ್ಲಿ ಕೆಂಡ ಸುರಿದ ಹಾಗಾಗುತ್ತಿತ್ತು. ಕೈ ಕೆಸರಾದವಳು ತಾನು, ಬಾಯಿ ಮೊಸರಾದವಳು ಅವಳು.

ಮನೆಯಲ್ಲೂ ಅದೇ ಸುದ್ದಿ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತ ಒಂದು ದಿನ ಕೇಳಿದ. "ಅಲ್ವೇ, ನೀನು ಇಷ್ಟು ವರ್ಷದಿಂದ ಅಲ್ಲೇ ಬಿದ್ದಿದೀಯ. ನಿನಗೆ ಯಾಕೆ ಒಂದು ದಿನಾನೂ ಏನೂ ಕೇಳಿಸಲಿಲ್ಲ?"

ಕೇಳಿದ್ದು ಸುಮ್ಮನೆ. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚದೆ, ಮೂರನೇ ಸಾಲಿನ ನಡುವೆ ನಿಂತು ಕಲ್ಲಕ್ಕ ಕೇಳಿಯೇಬಿಟ್ಟಳು. "ನಾನು ನಿಮಗೇನು ಕಮ್ಮಿ ಮಾಡಿದೆ? ನಿಮ್ಮ ಮೊಮ್ಮಕ್ಕಳು ಬರಲಿಲ್ಲ, ನಾನು ಬಂದೆ. ಜ್ವರ ಇದ್ದಾಗಲೂ ಬಂದೆ. ಅವಳಿಗೆ ನಿಮ್ಮಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ. ಮಾತಾಡೋಕೆ ಅವಳೇ ಬೇಕಿತ್ತಾ?" ಒಣಗಿದ ಎಲೆಯೊಂದು ಬಿತ್ತು, ಅಷ್ಟೇ. ಸತ್ತವರೂ ಚಪ್ಪಲಿಯ ಹಿಮ್ಮಡಿ ನೋಡಿ ಮಣೆ ಹಾಕುತ್ತಾರೆ ಎನ್ನಿಸಿ ಅವಳಿಗೆ ಅಳು ಬಂತು.

ಅತ್ತ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಒಂದು ಉಪಾಯ ಹೊಳೆಯಿತು. ಹಳೆಯ ದಾಖಲೆ ಪುಸ್ತಕದಲ್ಲಿ ಯಾರು ಏತರಿಂದ ಸತ್ತರು ಎಂದು ಬರೆದಿತ್ತು. ಎರಡು ದಿನ ಕೂತು ದನಿ ಕೇಳಿಸಿತೆಂದ ಭಾಗದ ಪುಟಗಳನ್ನು ಬೆರಳಿಟ್ಟು ಓದಿದಳು. ಜ್ವರ, ಹೆರಿಗೆ, ಮುಪ್ಪು, ಕುದುರೆಯಿಂದ ಬಿದ್ದದ್ದು. ನೀರಿಗೆ ಬಿದ್ದವರು ಒಬ್ಬರೂ ಇರಲಿಲ್ಲ. ಎಲ್ಲರ ಮುಂದೆ ಓರಗಿತ್ತಿಯ ಬಣ್ಣ ಬಯಲು ಮಾಡಬೇಕೆಂದು ಶನಿವಾರ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಗೇಟು ತೆಗೆದಳು.

"ತಣ್ಣೀರಿನವಳು ಅನ್ನೋಳು ಇಲ್ಲಿ ಯಾರೂ ಇಲ್ಲ ಮೇಷ್ಟ್ರೇ," ಎಂದು ಪುಸ್ತಕ ಬಿಡಿಸಿ ತೋರಿಸಿದಳು. "ಇವಳು ಕಟ್ಟಿ ಹೇಳ್ತಿದಾಳೆ."

ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ. ಪ್ರತಿ ಪುಟವನ್ನೂ ಗಮನವಿಟ್ಟು ನೋಡಿದರು. ಆಮೇಲೆ, "ದನಿ ಅಂತೂ ಇದೆ ಅಲ್ವಾ ತಾಯಿ, ನೀವೇ ಕೇಳಿ. ಹೋದ ವಾರದ್ದು ಸ್ವಲ್ಪ ಸ್ಪಷ್ಟವಾಗಿದೆ" ಎಂದು ಅವಳ ಕಿವಿಗೆ ಹೆಡ್‌ಫೋನ್ ಹಾಕಿದರು.

ಮೊದಲು ಗಾಳಿ, ಕಾಗೆ. ನಂತರ ಒಬ್ಬ ಹೆಂಗಸು. ಎಳೆಕೂಸಿನ ತಾಯಿಯ ಹಾಗೆ ಮೆತ್ತಗಿನ, ಮುದ್ದಿನ ದನಿ. "ನೀರು ತಣ್ಣಗಿದೆ, ಸುಮ್ನಿರಮ್ಮ... ಮುಖ ತೊಳೆದುಬಿಡ್ತೀನಿ... ಆಯ್ತು, ಆಯ್ತು, ಇನ್ನೊಂಚೂರು." ಎಷ್ಟು ಒಳ್ಳೆಯ ದನಿ ಎಂದುಕೊಂಡಳು ಕಲ್ಲಕ್ಕ, ಅದರ ಮೇಲೂ ಅಸೂಯೆಪಟ್ಟಳು. ಅಷ್ಟರಲ್ಲಿ ಬಕೆಟ್ಟಿನ ಹಿಡಿಕೆ ಟಣ್ಣೆಂದಿತು. ಆ ಹೆಂಗಸು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ "ಅಯ್ಯಪ್ಪಾ" ಎಂದಳು.

ಆ ಅಯ್ಯಪ್ಪಾ ಯಾರದೆಂದು ಕಲ್ಲಕ್ಕನಿಗೆ ಗೊತ್ತಾಗದೆ ಹೋಗಲು ಸಾಧ್ಯವಿರಲಿಲ್ಲ. ಮಕ್ಕಳ ಸಮಾಧಿ ತೊಳೆಯುವಾಗ ತಾನು ಮಾತಾಡುತ್ತೇನೆಂಬುದೇ ಅವಳಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ನಾಲ್ಕು ಜನ ಅವಳ ಮುಖವನ್ನೇ ನೋಡುತ್ತಿದ್ದರು. ಕುರ್ಚಿಯಲ್ಲಿದ್ದ ಓರಗಿತ್ತಿ ಮಾತ್ರ ನೆಲ ನೋಡುತ್ತಿದ್ದಳು.

"ನನಗೆ ಸರಿಯಾಗಿ ಕೇಳಿಸಲಿಲ್ಲ," ಎಂದು ಕಲ್ಲಕ್ಕ ಹೆಡ್‌ಫೋನ್ ಬಿಚ್ಚಿಟ್ಟಳು. ಕಲ್ಲಿನ ಜೊತೆ ಮಾತಾಡುವ ಹುಚ್ಚಿ ಎನ್ನಿಸಿಕೊಳ್ಳುವ ಧೈರ್ಯ ಇರಲಿಲ್ಲ. ಓರಗಿತ್ತಿಯನ್ನು ದಾರಿಯಲ್ಲಿ ವಿಚಾರಿಸಿಕೊಳ್ಳೋಣ ಎಂಬ ಲೆಕ್ಕಾಚಾರವೂ ಇತ್ತು.

ಬೀಗ ಹಾಕಿ ಇಬ್ಬರೂ ಮನೆ ಕಡೆ ನಡೆದರು. ಬೇಕರಿ ದಾಟಿದ ಮೇಲೆ ಕಲ್ಲಕ್ಕ ಬಾಣ ಬಿಟ್ಟಳು. "ಅದು ದೆವ್ವ ಅಲ್ಲ. ನಾನು."

"ಗೊತ್ತು ಅಕ್ಕ."

"ಯಾವಾಗಿಂದ?"

"ಮೊದಲನೇ ದಿನದಿಂದ. ಒಂದೇ ಮನೇಲಿದೀವಿ, ನಿಮ್ಮ ದನಿ ಗೊತ್ತಾಗಲ್ವಾ?"

"ಗೊತ್ತಿದ್ದೂ ಅಷ್ಟು ಜನರನ್ನ ಮಂಗ ಮಾಡಿದೆಯಾ?"

"ಮಾಡಿದೆ," ಎಂದಳು ಓರಗಿತ್ತಿ. "ಯಾರೋ ಹೆಂಗಸು ಮಾತಾಡ್ತಿದಾಳೆ ಅಂದೆ, ಅದು ಸುಳ್ಳಲ್ಲ. ಅದು ನಮ್ಮಕ್ಕ ಅಂತ ಹೇಳೋ ಅಷ್ಟರಲ್ಲಿ ಅವರು ನನ್ನ ಕಿವೀನ ಹೊಗಳೋಕೆ ಶುರು ಮಾಡಿದ್ರು. ನನ್ನನ್ನ ಹಾಗೆ ಯಾರು ಹೊಗಳ್ತಾರೆ? ಆಮೇಲೆ ಕುರ್ಚಿ ಬಂತು. ಇನ್ನೂ ಒಂದಿದೆ. ಆ ದನಿ ಕೇಳ್ತಾ ಕೂತಿರೋಣ ಅನ್ನಿಸ್ತಿತ್ತು. ಹದಿನೆಂಟು ವರ್ಷದಲ್ಲಿ ನೀವು ನನ್ನ ಒಂದು ಸಲನಾದ್ರೂ ಹಾಗೆ ಮಾತಾಡಿಸಿದೀರಾ? ಗ್ಯಾಸ್ ಆರಿಸು, ಬಾಗಿಲು ಹಾಕು, ಇಷ್ಟೇ. ನನಗೆ ಆಪರೇಷನ್ ಆದಾಗ ಮಾತ್ರೆ ತಗೊಂಡೆಯಾ ಅಂದ್ರಿ, ಹೋದ್ರಿ. ಕಲ್ಲಿಗೆ ಮಾತ್ರ ಸುಮ್ನಿರಮ್ಮ, ಆಯ್ತಮ್ಮ. ನನಗೆ ಆ ಕಲ್ಲುಗಳ ಮೇಲೆ ಎಷ್ಟು ಹೊಟ್ಟೆ ಉರೀತು ಗೊತ್ತಾ?"

ಎರಡು ತಿಂಗಳಿಂದ ತಾನೊಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದವಳಿಗೆ ಇದು ಅನಿರೀಕ್ಷಿತ. ನಿಜ ಹೇಳಬೇಕೆಂದರೆ ಅವಳಿಗೆ ಮೊದಲು ಆದದ್ದು ಮರುಕವಲ್ಲ, ಖುಷಿ. ತನಗಾಗಿಯೂ ಒಬ್ಬರು ಹೊಟ್ಟೆಕಿಚ್ಚು ಪಡುತ್ತಾರೆ ಎಂಬ ಖುಷಿ. ಎರಡು ಹೆಜ್ಜೆ ಹೋದ ಮೇಲೆ ನಾಚಿಕೆಯಾಯಿತು.

"ಆಪರೇಷನ್ ಆದಾಗ ಇನ್ನೂ ಮೂರು ಸಲ ಮೆಟ್ಟಿಲು ಹತ್ತಿದ್ದೆ," ಎಂದಳು. "ಬಾಗಿಲ ತನಕ ಬಂದು ವಾಪಸ್ ಹೋದೆ. ಏನು ಮಾತಾಡೋದು ಅಂತ ತಿಳೀಲಿಲ್ಲ. ಕಲ್ಲು ತಿರುಗಿ ಏನೂ ಅನ್ನಲ್ಲ ನೋಡು, ಅದಕ್ಕೆ ಸಲೀಸು."

"ನಾನೇನು ಅಂತಿದ್ದೆ?"

"ನಿನ್ನ ಬಾಯಿ ನಿನಗೆ ಗೊತ್ತಿಲ್ವಾ?"

ಓರಗಿತ್ತಿ ನಕ್ಕಳು. ಕಲ್ಲಕ್ಕ ನಗಲಿಲ್ಲ. ಆದರೆ ರಸ್ತೆ ದಾಟುವಾಗ ಅವಳ ಮೊಣಕೈ ಹಿಡಿದುಕೊಂಡಳು, ಆ ಕಡೆ ಮುಟ್ಟಿದ ಮೇಲೂ ಬಿಡಲಿಲ್ಲ.

ಮುಂದಿನ ಶನಿವಾರ ಕಲ್ಲಕ್ಕ ತಾನೇ ಹೋಗಿ ಮೇಷ್ಟ್ರಿಗೆ ಎಲ್ಲ ಹೇಳಿದಳು. ಓರಗಿತ್ತಿಯೂ ಪಕ್ಕದಲ್ಲಿ ನಿಂತು ತಪ್ಪೊಪ್ಪಿಕೊಂಡಳು. ಗುಂಪಿನ ಉಳಿದವರ ಮುಖ ಇಳಿಯಿತು. ಮೇಷ್ಟ್ರು ಮಾತ್ರ ನೋಟ್‌ಬುಕ್ಕು ತೆಗೆದು ಬರೆದುಕೊಳ್ಳುತ್ತ ಹೋದರು: ಬೇಲಿಯಿಂದ ಎಷ್ಟು ಅಡಿ, ಗಾಳಿ ಯಾವ ಕಡೆ, ಬಕೆಟ್ಟು ತಗಡಿನದೋ ಪ್ಲಾಸ್ಟಿಕ್ಕಿನದೋ. ಬರೆದು ಮುಗಿಸಿ, "ಹನ್ನೊಂದು ಜಾಗ ತಿರುಗಿದೀವಿ ತಾಯಿ. ಕಾರಣ ಅಂತ ಸಿಕ್ಕಿದ್ದು ಇಲ್ಲೇ ಮೊದಲು" ಎಂದರು. ಅವರ ಸಂತೋಷ ತೋರಿಕೆಯದಾಗಿರಲಿಲ್ಲ. ಆ ಸಂಜೆ ಯಂತ್ರಗಳನ್ನು ಚೀಲಕ್ಕೆ ತುಂಬಿ, ಸಮಾಧಿಗಳಲ್ಲಿ ಯಾರ್ಯಾರಿದ್ದಾರೆ ಎಂದು ಕಲ್ಲಕ್ಕನ ಬಾಯಿಂದ ಕೇಳುತ್ತ ಸುತ್ತಿದರು. ಅವಳು ಅಷ್ಟು ಮಾತಾಡಿದ್ದು ಅವಳಿಗೇ ಸೋಜಿಗ.

ಈಗ ಅಂಗಡಿಗೆ ರಜೆಯಿರುವ ಬುಧವಾರ ಓರಗಿತ್ತಿಯೂ ಸ್ಮಶಾನಕ್ಕೆ ಬರುತ್ತಾಳೆ, ಚಪ್ಪಟೆ ಚಪ್ಪಲಿ ಹಾಕಿಕೊಂಡು. ಹೊಲಿಗೆಯವಳ ಕೈ, ಅಕ್ಷರದ ಸಂದಿ ಬಿಡಿಸುವುದು ಎರಡೇ ಬುಧವಾರದಲ್ಲಿ ಬಂತು. ಇತ್ತೀಚೆಗೆ ಮುತ್ತಜ್ಜನ ಕಲ್ಲು ಹುಡುಕಿಕೊಂಡು ಬಂದ ಒಂದು ಕುಟುಂಬ, ಓರಗಿತ್ತಿ ತೊಳೆಯುತ್ತಿದ್ದ ಕಲ್ಲಿನ ಮುಂದೆ ನಿಂತು, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ ಎಂದು ನೇರವಾಗಿ ಅವಳನ್ನೇ ಹೊಗಳಿತು. ಅವಳೂ ಹಲ್ಲು ಬಿಟ್ಟುಕೊಂಡು ಒಪ್ಪಿಕೊಂಡಳು. ಕಲ್ಲಕ್ಕನ ಹೊಟ್ಟೆಯಲ್ಲಿ ಹಳೆಯ ಕೆಂಡ ಮತ್ತೆ ಮಿನುಗಿತು. ಅವರು ಹೋಗುವ ತನಕ ತಡೆದುಕೊಂಡು, ಆಮೇಲೆ ಹೇಳಿದಳು.

"ಅದು ಅವರ ಮುತ್ತಜ್ಜ ಅಲ್ಲ. ಅವರದು ಪಕ್ಕದ್ದು."

"ಮೊದಲೇ ಹೇಳಬಾರದಿತ್ತಾ ಅಕ್ಕ?"

"ನಿನ್ನನ್ನ ಹೊಗಳ್ತಿದ್ರಲ್ಲ, ಯಾಕೆ ಕೆಡಿಸಲಿ ಅಂತ. ಹೋಗು, ಕರ್ಕೊಂಡು ಬಾ. ಇನ್ನೂ ಗೇಟು ದಾಟಿರಲ್ಲ."