ನನಗೆ ಎಳನೀರು ತರಬೇಡಿ

ಮೊದಲು ಊದಿದ್ದು ಪಾದ. ಕಾಲುಂಗುರ ಬಿಗಿಯಾಯಿತು. ಹತ್ತಿ ಬಿಡಿಸಿ ದಣಿದಿದ್ದೇನೆ ಅಂದುಕೊಂಡೆ. ಆಮೇಲೆ ಮುಖ ಊದಿತು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ಹುಬ್ಬಳ್ಳಿಯ ಡಾಕ್ಟರು ರಿಪೋರ್ಟು ಓದಿ ನನ್ನ ಗಂಡನ ಮುಖ ನೋಡಿದರು. ನನ್ನದಲ್ಲ.

ಎರಡೂ ಕಿಡ್ನಿ ಹೋಗಿದ್ದವು.

ವಾರಕ್ಕೆರಡು ಸಲ ಡಯಾಲಿಸಿಸ್. ಕುಡಿಯುವ ನೀರು ಅಳತೆಯಲ್ಲಿ. ಎಳನೀರು, ಬಾಳೆಹಣ್ಣು ಮುಟ್ಟಲೇಬಾರದು. ಅದರಲ್ಲಿರುವ ಪೊಟ್ಯಾಸಿಯಂ ಹೊರಹಾಕುವ ಶಕ್ತಿ ಈ ದೇಹಕ್ಕಿಲ್ಲ, ಅದು ಏರಿದರೆ ಎದೆಬಡಿತವೇ ನಿಲ್ಲಬಹುದು. ಡಾಕ್ಟರು ನಮಗೆ ಹೇಳಿದರು. ನನ್ನ ಗಂಡ ಓಣಿಗೆಲ್ಲ ಹೇಳಿದರು. ಯಾರು ಕಿವಿಗೆ ಹಾಕಿಕೊಂಡರು?

ನಮ್ಮ ಕಡೆ ಬೇನೆ ಬಿದ್ದವರನ್ನು ನೋಡಲು ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಬಂದವರೆಲ್ಲ ಎಳನೀರನ್ನೇ ತಂದರು. ಗುಟುಕು ಲೆಕ್ಕದಲ್ಲಿ ನೀರು ಕುಡಿಯುವವಳ ಮಂಚದ ಪಕ್ಕ ಎಳನೀರಿನ ರಾಶಿ! ನಾಲಗೆ ಒಣಗಿ ಅಂಟಿಕೊಂಡಿರುವಾಗ ಅದನ್ನು ನೋಡುತ್ತ ಮಲಗಬೇಕು. ಬೇಡವೆಂದರೆ, "ರೋಗ ಬಂದ್ರೂ ಸೊಕ್ಕ ಇಳದಿಲ್ಲ ನೋಡ" ಎಂದು ಅಡುಗೆಮನೆಯಲ್ಲಿ ಗುಸುಗುಸು. ಕೆಟ್ಟದ್ದು ನನ್ನ ಕಿಡ್ನಿ, ಕಿವಿಯಲ್ಲ.

ತಿರ್ಲಾಪುರದಿಂದ ಗಂಡನ ಅಕ್ಕ ಗಿರಿಜಕ್ಕ ಬಂದರು. ಕೆತ್ತಿದ ಕಾಯಿ ಹಿಡಿದು ತಲೆಯ ಹತ್ತಿರವೇ ನಿಂತರು.

"ಕುಡಿ ಬೇ. ಹೊಟ್ಟಿ ತಂಪಾಗ್ತೈತಿ."

"ಡಾಕ್ಟರು ಬ್ಯಾಡ ಅಂದಾರ್ರಿ, ಅಕ್ಕಾರ."

"ಅವರಿಗೇನ್ ಗೊತ್ತೈತಿ? ನಾ ಏನ್ ವಿಷಾ ಕೊಡ್ತೀನೇನ?"

ಆ ಮಾತಿಗೆ ಸೋತೆ. ಸುಳ್ಳು ಯಾಕೆ ಹೇಳಲಿ, ಗಂಟಲಿಗೆ ಬಹಳ ಹಿತವಾಗಿತ್ತು. ಎರಡನೆಯದನ್ನೂ ಕುಡಿಸಿದರು. ಸಂಜೆಗೆ ಕಾಲು ಎತ್ತಲಾಗಲಿಲ್ಲ. ಎದೆ ತಪ್ಪಿ ತಪ್ಪಿ ಬಡಿಯತೊಡಗಿತು. ಆಂಬುಲೆನ್ಸು, ಐಸಿಯು, ನನ್ನ ಗಂಡನಿಗೆ ಡಾಕ್ಟರ ಬೈಗುಳ.

ಉಳಿದೆ.

ಮನೆಗೆ ಬಂದ ಮೇಲೆ ಗಿರಿಜಕ್ಕ ಮತ್ತೆ ಬಂದರು. ಕೈಯಲ್ಲಿ ಮತ್ತೆ ಚೀಲ. ಈ ಸಲ ಬಾಳೆಹಣ್ಣು! ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕಾರ, ನನ್ನ ಮ್ಯಾಲೆ ಜೀವ ಐತಿ ಅಂತೀರಿ. ನಿನಗೇನ್ ಬೇಕವಾ ಅಂತ ಒಬ್ರರ ಕೇಳೀರೇನ್ರಿ? ಆ ಮಷೀನಿನ ಬಾಜೂ ಮಲಗಿದ್ರ ಥಂಡಿ ಹತ್ತಿ ಹಲ್ಲು ಕಟಕಟ ಅಂತಾವು. ಅದು ಯಾರಿಗರ ಗೊತ್ತೈತೇನ್ರಿ?"

ಅವರ ಕಣ್ಣು ತುಂಬಿದವು. ನನಗೆ ಕನಿಕರ ಬರಲಿಲ್ಲ. ಪ್ರೀತಿ ಇದೆಯೆಂದ ಮಾತ್ರಕ್ಕೆ ನನ್ನ ಮಾತು ಕೇಳದೆ ನನ್ನ ಬಾಯಿಗೆ ಏನನ್ನಾದರೂ ಸುರಿಯಬಹುದೇ? ಚೀಲವನ್ನು ಬಾಗಿಲಾಚೆ ಇಟ್ಟು ಬಂದು ಅವರು ಕೇಳಿದರು:

"ಸೂಜಿ ಯಾವ ಕೈಗೆ ಹಾಕ್ತಾರ?"

"ಎಡಗೈಗ್ರಿ. ಅದು ನರ್ಸಿಗೆ ಕಾಣ್ತಿರಬೇಕು, ಮುಚ್ಚಂಗಿಲ್ಲ."

ಬಂದವರಲ್ಲಿ ಒಬ್ಬರು ನನ್ನನ್ನು ಕೇಳಿ ತಿಳಿದುಕೊಂಡದ್ದು ಅದೇ ಮೊದಲು.

ಮುಂದಿನ ಸಲ ಬರುವಾಗ ಕೌದಿ ತಂದರು. ತಮ್ಮ ಹಳೆಯ ಸೀರೆಗಳನ್ನು ಪದರುಪದರಾಗಿ ಇಟ್ಟು ಹೊಲಿದದ್ದು. ಎಡಗಡೆ ಒಂದು ತೋಳಿನಷ್ಟು ಜಾಗ ಕತ್ತರಿಸಿ ಅಂಚು ಹೊಲಿದಿದ್ದರು. ಹೊದ್ದರೆ ಮೈಯೆಲ್ಲ ಬೆಚ್ಚಗೆ, ಸೂಜಿಯ ಕೈ ಮಾತ್ರ ಹೊರಗೆ. ಡಯಾಲಿಸಿಸ್‌ಗೆ ಈಗ ಅದಿಲ್ಲದೆ ಹೋಗುವುದಿಲ್ಲ. ರೋಗ ವಾಸಿಯಾಗುವುದಲ್ಲ ಎಂದು ಒಪ್ಪಿಕೊಂಡಿದ್ದೇನೆ. ಸಿಟ್ಟು ಮಾತ್ರ ಇನ್ನೂ ಪೂರ್ತಿ ಇಳಿದಿಲ್ಲ.

ಮೊನ್ನೆ ಓಣಿಯ ಹೆಂಗಸರು ಎಳನೀರು ಹಿಡಿದು ಬಂದರು. ಬೈಯಲು ನಾನು ಬಾಯಿ ತೆರೆಯುವ ಮೊದಲೇ, ನನ್ನನ್ನು ನೋಡಲು ಬಂದು ಕೂತಿದ್ದ ಗಿರಿಜಕ್ಕ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಇಲ್ಲೇ ಕುಂತು ನೀವ ಕುಡದು ಹೋಗ್ರಿ. ಆಕಿಗೆ ಅದು ವಿಷ. ನಾ ಕುಡಿಸಿ ನೋಡೇನಿ."